ಎದ್ದವರ ಎಲೆ

ಕಂಪ್ಯೂಟರಿಗೆ ಹುಚ್ಚು ಹಿಡಿದಿರಲಿಲ್ಲ. ನನ್ನ ಮಗಳು ಸರೋಜ ರೋಗಿಗಳ ಹೆಸರನ್ನು ಇಡಬಾರದ ಜಾಗದಲ್ಲಿ ಇಟ್ಟಿದ್ದಳು. ನಡೆದದ್ದು ಅಷ್ಟೇ.

ನಿನ್ನೆ ಅಜ್ಜಂಪುರದ ಮದುವೆಯಲ್ಲಿ ಉಂಡೆದ್ದು, ಮರೆತ ಕೈಚೀಲಕ್ಕೆ ವಾಪಸು ಬಂದರೆ, ನನ್ನ ಎಲೆ ಎತ್ತಿ ಆ ಜಾಗದಲ್ಲಿ ಇನ್ಯಾರೋ ಉಣ್ಣುತ್ತಿದ್ದರು. ಚೀಲ ಕೈಗೆ ತಗೊಂಡು ಅಲ್ಲೇ ನಿಂತುಬಿಟ್ಟೆ. ತರೀಕೆರೆಯ ಆ ಸಂಜೆ ನೆನಪಾಯಿತು.

ಎಂಬತ್ತರ ದಶಕದ ಕೊನೆ. ಅಲ್ಲಿನ ಒಂದು ನರ್ಸಿಂಗ್ ಹೋಮಿಗೆ ಕಂಪ್ಯೂಟರ್ ಬಂದಿತ್ತು. ರಕ್ತದ ಸೀಸೆಗೆ ಅಂಟಿಸುವ ಹೆಸರಿನ ಚೀಟಿ ಅದರಲ್ಲಿ ಅಚ್ಚಾಗಬೇಕು. ಆ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ಸರೋಜ. ಕಡೂರಿನ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೆ. ಸಿ ಅಂದರೇನೆಂದು ಯಾರೂ ಕೇಳಲಿಲ್ಲ, ಪುಣ್ಯ. ಅದೇ ಜಂಬದಲ್ಲಿ ನನ್ನ ತಂಗಿ ಗೌರಿಯನ್ನೂ ಅಲ್ಲಿಗೇ ಸೇರಿಸಿದೆ. ಮರುದಿನ ಗರ್ಭಕೋಶದ ಆಪರೇಷನ್.

ನರ್ಸ್ ಗೌರಿಯ ರಕ್ತ ತೆಗೆದು, ಸೀಸೆಗೆ ಚೀಟಿ ಅಂಟಿಸುತ್ತಾ, "ಸಾವಿತ್ರಮ್ಮ, ಕೈ ಮಡಚ್ಕಳಿ" ಅಂದಳು.

"ಸಾವಿತ್ರಮ್ಮ ಪಕ್ಕದ ಮಂಚದೋರು ಕಣಮ್ಮ. ಇವ್ಳು ಗೌರಿ" ಅಂದೆ.

ಆಕೆ ಚೀಟಿ ನೋಡಿದಳು, ಮಂಚ ನೋಡಿದಳು. ಸೀಸೆಯನ್ನು ಹಾಗೇ ಕೆಳಗಿಟ್ಟಳು. ಸೀಸೆಯ ಹೆಸರು ತಪ್ಪಿದರೆ ರಕ್ತದ ಗುಂಪೂ ತಪ್ಪುತ್ತದೆ, ಹೊಂದದ ಗುಂಪಿನ ರಕ್ತ ಹತ್ತಿಸಿದರೆ ಜೀವ ಹೋಗುತ್ತದೆ ಅನ್ನುವಷ್ಟು ನನಗೂ ಗೊತ್ತಿತ್ತು.

ಸರೋಜ ಓಡಿ ಬಂದಳು. ಕಂಪ್ಯೂಟರಿನ ಮುಂದೆ ಕೂತು, ತಾನು ಬರೆದದ್ದನ್ನು ಸಾಲು ಸಾಲಾಗಿ ಓದಿದಳು.

"ಅದೇನಾಯ್ತೇ?"

"ಅವ್ವಾ, ಅಚ್ಚು ಹಾಕೋ ಲೈಬ್ರರಿ, ಅಂದ್ರೆ ರೆಡಿ ಸಿಗೋ ಪ್ರೋಗ್ರಾಮು, ಬೇರೆಯೋರು ಬರ್ದಿದ್ದು. ಅದು ಹೆಸರನ್ನ ತಗಳಲ್ಲ, ಹೆಸರು ಎಲ್ಲೈತೆ ಅನ್ನೋ ಜಾಗ ಮಾತ್ರ ನೆನಪಿಟ್ಕಂಡು ಆಮೇಲೆ ಓದುತ್ತೆ. ನಾನು ಹೆಸರನ್ನ ಸ್ಟ್ಯಾಕಲ್ಲಿ ಇಟ್ಬಿಟ್ಟೆ. ಅದು ಪಂಕ್ತಿ ಊಟದ ಜಾಗ ಇದ್ದಂಗೆ. ನನ್ನ ಫಂಕ್ಷನ್, ಅಂದ್ರೆ ನಾನು ಬರ್ದಿರೋ ತುಂಡು, ಕೆಲ್ಸ ಮುಗಿಸಿ ಎದ್ದೋಯ್ತು, ಲೈಬ್ರರಿ ಓದೋ ಹೊತ್ತಿಗೆ ಗೌರಿ ಚಿಕ್ಕಮ್ಮನ ಜಾಗದಲ್ಲಿ ಸಾವಿತ್ರಮ್ಮ ಬಂದು ಕೂತ್ರು. ಒಬ್ಬರೇ ಇದ್ದಾಗ ಸರಿಯಾಗೇ ಬರ್ತಿತ್ತು."

"ಲೇ, ಬಡಿಸೋನು ಮುಖ ನೋಡಲ್ವೇನೇ?"

"ಅದಕ್ಕೆ ಮುಖ ಗೊತ್ತಿಲ್ಲ ಕಣವ್ವಾ. ಜಾಗ ಅಷ್ಟೇ."

ನನಗೆ ನಿಜವಾದ ಹೆದರಿಕೆ ಹತ್ತಿದ್ದು ಆಗ.

ಹೀಪ್ ಅಂತ ಇನ್ನೊಂದು ಜಾಗವಿದೆಯಂತೆ. ನೆರೆಮನೆಯಿಂದ ಕೇಳಿ ತಂದ ಕೊಳಗದ ಹಾಗೆ, ನಾವಾಗಿ ಹಿಂದಿರುಗಿಸುವವರೆಗೆ ನಮ್ಮಲ್ಲೇ ಇರುತ್ತದೆ. ಮರೆತರೆ ಮನೆ ತುಂಬ ಕೊಳಗ. ಸರೋಜ ಹೆಸರುಗಳನ್ನು ಅಲ್ಲಿಗೆ ಸಾಗಿಸಿ, ಅಚ್ಚಾದ ಮೇಲೆ ಜಾಗ ಬಿಟ್ಟುಕೊಡುವಂತೆ ತಿದ್ದಿದಳು. ಚೀಟಿಗಳು ಸರಿಯಾಗಿ ಬಂದವು. ರಕ್ತವನ್ನು ಮತ್ತೆ ತೆಗೆದರು.

"ಈಗ ಸರಿಹೋಯ್ತು ಬಿಡವ್ವಾ" ಅಂದಳು. ಮಧ್ಯಾಹ್ನ ಒಂದು ಚೀಟಿ ಅಚ್ಚು ಹಾಕಿ ತೋರಿಸಿದಾಗಲೂ ಎಲ್ಲ ಸರಿಯಾಗಿದೆ ಅಂದಿದ್ದಳು.

ಮರುದಿನ ಬೆಳಿಗ್ಗೆ, ಗೌರಿಯನ್ನು ಒಳಗೆ ಕರೆದೊಯ್ಯುವ ಮೊದಲು, ಅವಳ ತೋಳಿನ ಮೇಲೆ ಬಾಲ್‌ಪೆನ್ನಿನಿಂದ ದಪ್ಪಕ್ಷರದಲ್ಲಿ ಹೆಸರು ಬರೆದೆ.

"ನಾನೇನು ಪಾತ್ರೆನೇನೇ ಅಕ್ಕಾ, ಹೆಸ್ರು ಹಾಕಕೆ?"

"ಸುಮ್ಕೆ ಬಿದ್ಕಳೇ" ಅಂದು, ಪಕ್ಕದ ಮಂಚಕ್ಕೆ ಹೋಗಿ ಸಾವಿತ್ರಮ್ಮನ ತೋಳನ್ನೂ ಹಿಡಿದೆ.