ನನ್ನ ಖಾತೆಯಲ್ಲಿ ಚಾಚಿಯ ನವಿಲು

ನವಲಗುಂದದ ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ಯಾರು ಎಲ್ಲಿ ಫೋನ್ ನಂಬರ್ ಕೇಳಿದರೂ, ಓಣಿಯಲ್ಲಿ ಯಾರ ಫೋನು ನೆಟ್ಟಗೆ ನಡೆಯುತ್ತಿದೆಯೋ ಅವರ ನಂಬರ್ ಕೊಟ್ಟುಬಿಡುವುದು. ಗ್ಯಾಸ್ ಸಿಲಿಂಡರಿನ ಸಂದೇಶ, ರಕ್ತ ಪರೀಕ್ಷೆಯ ವರದಿ, ರೇಶನ್ ಅಂಗಡಿಯ ಓಟಿಪಿ, ಹತ್ತು ಮನೆಯವು ನನ್ನ ಫೋನಿಗೆ ಬರುತ್ತವೆ. ಒಗ್ಗರಣೆ ಹಾಕುತ್ತಲೇ ಕಿಟಕಿಯಿಂದ ಅಂಕಿ ಕೂಗಿ ಹೇಳುತ್ತೇನೆ. ನಂಬರ್ ನನ್ನದೆಂದು ಯಾರ ಸಿಲಿಂಡರೂ ನನ್ನ ಮನೆಗೆ ಬಂದು ಇಳಿದದ್ದಿಲ್ಲ. ಅದೇ ಧೈರ್ಯದಲ್ಲಿ, ಆ ಅರ್ಜಿಯಲ್ಲಿ ‘ಖಾತೆಯ ವಿಳಾಸ ಕಡ್ಡಾಯ’ ಎಂದಿದ್ದಲ್ಲಿ ನಾನು ಜಾಲತಾಣದ ನನ್ನ ಖಾತೆಯನ್ನು ತುಂಬಿದೆ. ಪಕ್ಕದ ಮನೆಯ ಚಾಚಿಗೆ ಖಾತೆಯಿರಲಿಲ್ಲ. ನನ್ನದಿತ್ತು. ಅಷ್ಟೇ ಯೋಚಿಸಿದ್ದು.

ಅರ್ಜಿ ಒಂದು ಪ್ರಶಸ್ತಿಯದು. ಓಪನ್ ಸೋರ್ಸ್ ಎನ್ನುವ ತಂತ್ರಾಂಶಗಳಿವೆ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ಬಿಟ್ಟುಕೊಡಬಹುದು. ಅಂಥ ಕೆಲಸಕ್ಕೆ ದೊಡ್ಡ ಕೊಡುಗೆ ಕೊಟ್ಟವರನ್ನು ಹುಬ್ಬಳ್ಳಿಯಲ್ಲಿ ಒಂದು ಸಂಘದವರು ವರ್ಷಕ್ಕೊಮ್ಮೆ ಕರೆದು ಗೌರವಿಸುತ್ತಾರೆ. ಹೆಸರು ಸೂಚಿಸಿ ಎಂದು ಅವರು ಕೇಳಿದಾಗ ನನಗೆ ನೆನಪಾದದ್ದು ಒಬ್ಬರೇ: ನಮ್ಮ ಹಿತ್ತಲ ಗೋಡೆಯ ಆಚೆ ಕೂತು ಜಮಖಾನೆ ನೇಯುವ ಚಾಚಿ.

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಸಿಸ್ಟರುಗಳು ಚೌಕಳಿ ಕಾಗದದ ಮೇಲೆ ಕಸೂತಿಯ ಹೂ ಬರೆಯಲು ಕಲಿಸಿದರು, ಇಂಗ್ಲಿಷ್ ಕಲಿಸಿದರು, ಸಾಕು ಎಂದಾಗ ಮಾತು ನಿಲ್ಲಿಸಿ ಕೂರುವುದನ್ನು ಕಲಿಸಿದರು. ಈ ಮೂರನ್ನೂ ಹೊತ್ತುಕೊಂಡು ಈ ಊರಿಗೆ ಸೊಸೆಯಾಗಿ ಬಂದೆ. ಮಗಳ ಪಾಠಕ್ಕೆಂದು ತಂದ ಲ್ಯಾಪ್‌ಟಾಪು ಮಧ್ಯಾಹ್ನ ಸುಮ್ಮನೆ ಬಿದ್ದಿರುತ್ತಿತ್ತು. ಅದರಲ್ಲಿ ನೇಯ್ಗೆಯ ವಿನ್ಯಾಸ ಬರೆಯುವ ಪುಕ್ಕಟೆ ತಂತ್ರಾಂಶವೊಂದು ಸಿಕ್ಕಿತು. ಅದರ ಜಾಲತಾಣದಲ್ಲಿ ಖಾತೆ ತೆರೆದು, ಇಂಗ್ಲಿಷ್ ಸೂಚನೆಗಳನ್ನೆಲ್ಲ ಕನ್ನಡ ಮಾಡಿಕೊಟ್ಟೆ. ನಾನೆಂದೂ ನೋಡದ ಯಾವುದೋ ದೇಶದವರು ಧನ್ಯವಾದ ಬರೆದರು. ನಮ್ಮ ಕಡೆಯ ಮುಯ್ಯಾಳಿನಂತೆ ಕಂಡಿತು ನನಗೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ಚಾಚಿಗೆ ಆಗಲೇ ಅರವತ್ತು ದಾಟಿತ್ತು. ನಿಲುವು ಮಗ್ಗದ ಮುಂದೆ ಮಣೆ ಹಾಕಿ ಕೂತರೆ ಬೆನ್ನು ಬಾಗುತ್ತಿರಲಿಲ್ಲ. ಎದುರಿಗೆ ಕಾಗದವಿಲ್ಲ, ಗೀಟಿಲ್ಲ. ನವಿಲು, ಪಗಡೆ, ಅಂಚಿನ ಬಳ್ಳಿ, ಹಾಸು ಎಂದು ಅವರು ಕರೆಯುವ ವಿನ್ಯಾಸಗಳೆಲ್ಲವೂ ಬೆರಳಿನ ಗಿಣ್ಣುಗಳ ಮೇಲೆ. ಹೆಬ್ಬೆರಳು ಗಿಣ್ಣಿನಿಂದ ಗಿಣ್ಣಿಗೆ ಸರಿಯುತ್ತಿತ್ತು, ಬಾಯಿ ‘ಮೂರು ಕೆಂಪು, ಒಂದು ಬಿಡು, ಎರಡು ಕರಿ’ ಎನ್ನುತ್ತಿತ್ತು. ಆ ಎಣಿಕೆಯನ್ನು ಅವರ ಮನೆತನದಲ್ಲಿ ಹೆತ್ತ ಮಗಳಿಗೆ ಕಲಿಸುವಂತಿರಲಿಲ್ಲ. ಸೊಸೆಗೆ ಮಾತ್ರ. ಮಗಳು ಲಗ್ನವಾಗಿ ಹೋದ ಊರಿಗೆ ಹಾಸೂ ಹೋಗಿಬಿಡುತ್ತದೆ ಎಂಬ ಹೆದರಿಕೆ. ಚಾಚಿಯ ಒಬ್ಬಳೇ ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದರು. ಆಕೆಗೆ ಒಂದು ಸಾಲೂ ಬರುತ್ತಿರಲಿಲ್ಲ. ಸೊಸೆ ನೌಕರಿಗೆ ಹೋಗುವವಳು, ಮಗ್ಗದ ಕಡೆ ತಿರುಗಿ ನೋಡಲಿಲ್ಲ.

‘ನಿಮ್ಮ ಸಂಗಾಟನ ಇದೂ ಮುಗದ ಹೋಗತೈತಿ ಚಾಚಿ,’ ಎಂದು ಒಂದು ದಿನ ಅಂದೆ.

‘ಹೋಗ್ಲಿ ಬಿಡ್ರಿ. ನಾನ ಹೋಗಾಕಿ, ನವಿಲು ಇಲ್ಲಿ ಕುಂತು ಯಾರಿಗೆ ಕಾಯತೈತಿ?’

ಅದಾಗಿ ಮೂರು ತಿಂಗಳಿಗೆ, ನಮ್ಮ ಮನೆಯ ಹೋಳಿಗೆ ಹೋದ ಬಟ್ಟಲನ್ನು ವಾಪಸು ಕೊಡಲು ಬಂದವರು ಬಾಗಿಲಲ್ಲೇ ನಿಂತು, ‘ಆ ನಿಮ್ಮ ಡಬ್ಬಿ ತಗೀರಿ ಅಕ್ಕಾರ. ನವಿಲು ಬರಕೋರಿ,’ ಅಂದರು.

ಎರಡು ವರ್ಷ, ಮಧ್ಯಾಹ್ನ ಮೂರರಿಂದ ಐದು, ಅವರ ಮಗ್ಗದ ಪಕ್ಕದಲ್ಲಿ. ಅವರು ಹೇಳುವುದು, ನಾನು ಲ್ಯಾಪ್‌ಟಾಪಿನಲ್ಲಿ ಚೌಕ ತುಂಬುವುದು. ಇಪ್ಪತ್ತೊಂಬತ್ತು ಹಾಸುಗಳಾದವು, ಮುಗಿದ ಹಾಗೆ ಒಂದೊಂದನ್ನೂ ನನ್ನ ಖಾತೆಯಿಂದ ಎಲ್ಲರಿಗೂ ಬಿಟ್ಟುಕೊಟ್ಟೆ. ಇನ್ನೆರಡು ಉಳಿದಿದ್ದವು, ಅವು ಅವರ ಅತ್ತೆಯವು, ಕಷ್ಟದವು. ಆ ನಡುವೆ ಒಂದು ದಿನ ಪರದೆಯ ಮೇಲಿನ ನವಿಲನ್ನು ಬಹಳ ಹೊತ್ತು ನೋಡಿ ಚಾಚಿ ನಕ್ಕರು.

‘ಇದನ್ನ ಮಾಡಿದಾಂವ ಎಂದೂ ನೇಯ್ದಿಲ್ಲ ನೋಡ್ರಿ.’

‘ಯಾಕ್ರಿ?’

‘ಕೆಂಪು ಮುಗದು ಕರಿ ಸುರು ಆಗೂ ಜಾಗಾದಾಗ ಎರಡೂ ಎಳಿ ಒಂದಕ್ಕೊಂದು ಕೈ ಹಿಡೀಬೇಕ್ರಿ. ಇಂವ ಬ್ಯಾರೆ ಬ್ಯಾರೆ ನಿಲ್ಲಿಸ್ಯಾನ. ಹಿಂಗ ನೇಯ್ದ್ರ ಜಮಖಾನಿ ನಡುವ ಸೀಳತೈತಿ.’

ಅದನ್ನು ನಾನು ತಂತ್ರಾಂಶ ಮಾಡಿದವರಿಗೆ ಇಂಗ್ಲಿಷಿನಲ್ಲಿ, ಚಿತ್ರ ಸಮೇತ ಬರೆದು ಕಳಿಸಿದೆ. ದೂರದೇಶದ ಆ ಮಂದಿ ವಾರಗಟ್ಟಲೆ ತಮ್ಮತಮ್ಮಲ್ಲೇ ಚರ್ಚಿಸಿದರು. ಬಣ್ಣ ಕೂಡುವ ಜಾಗದ ಲೆಕ್ಕವನ್ನೇ ಬದಲಿಸಿದರು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ, ಈ ದೋಷವನ್ನು ತೋರಿಸಿಕೊಟ್ಟವರು ಎಂದು ನನ್ನ ಖಾತೆಯ ಹೆಸರು ಬಂತು. ನಾನು ಅದನ್ನು ನೋಡಿ ಖುಷಿಪಟ್ಟೆ. ಸುಳ್ಳು ಹೇಳುವುದಿಲ್ಲ.

ಸುದ್ದಿ ಚಾಚಿಯ ಮೈದುನನ ಮನೆಗೆ ಮುಟ್ಟಿತು. ಅವರ ನೆಗೆಣ್ಣಿ ನಮ್ಮ ಅಡುಗೆಮನೆಗೆ ಕೇಳುವ ಹಾಗೆ ಹಿತ್ತಲಲ್ಲಿ ನಿಂತು, ‘ಹೊಟ್ಟೀಲೆ ಹುಟ್ಟಿದಾಕಿಗೆ ಕಲಸಲಿಲ್ಲ. ಬಾಜೂ ಮನಿಯಾಕಿಗೆ ಗಂಟು ಬಿಚ್ಚಿ ಕೊಟ್ಟಿ. ಜಗತ್ತಿಗೆಲ್ಲಾ ಹಂಚ್ಯಾಳಂತ ಆಕಿ,’ ಅಂದಳು. ಆ ಮನೆಯವರು ತಮ್ಮ ಹುಡುಗಿಯ ನಿಶ್ಚಯಕ್ಕೆ ಚಾಚಿಯನ್ನು ಕರೆಯಲಿಲ್ಲ.

ಆ ಹೊತ್ತಿಗೇ ನಾನು ಅರ್ಜಿ ಹಾಕಿದ್ದು. ಹೇಳಿದಾಗ ಚಾಚಿ ನೂಲಿನ ಉಂಡೆಯನ್ನು ಕೆಳಗಿಟ್ಟರು.

‘ಹೆಸರು ಕರೀತಾರೇನ್ರಿ?’

‘ಕರೀತಾರ. ಸ್ಟೇಜಿನ ಮ್ಯಾಲೆ.’

‘ಮಂದಿ ಮುಂದ?’

‘ಮಂದಿ ಮುಂದನ.’

‘ಹಂಗಾದ್ರ ಇವರ ಬಾಯಿ ಮುಚ್ಚತಾವ,’ ಅಂದರು. ‘ನಾ ಕೊಟ್ಟಿದ್ದು ಕದ್ದು ಕೊಟ್ಟಿದ್ದಲ್ಲ ಅಂತ ಗೊತ್ತಾಗತೈತಿ.’

ಅವರಿಗೆ ಬೇಕಾಗಿದ್ದು ಅಷ್ಟೇ. ಹೆಸರನ್ನು ಯಾರಾದರೂ ಗಟ್ಟಿಯಾಗಿ, ನಾಲ್ಕು ಜನರ ಎದುರು ಕರೆಯಬೇಕಾಗಿತ್ತು.

ಪತ್ರ ಬಂದದ್ದು ನನ್ನ ಹೆಸರಿಗೆ. ಮೊದಲ ಸಲ ಓದಿದಾಗ, ಎಂದಿನಂತೆ ಅವರದು ನನ್ನ ಫೋನಿಗೆ ಬಂದಿದೆ ಎಂದುಕೊಂಡೆ. ಎರಡನೆಯ ಸಲ ಓದಿದಾಗ ತಿಳಿಯಿತು. ಖಾತೆ ಯಾರದೋ ಪ್ರಶಸ್ತಿ ಅವರದು. ಆ ಖಾತೆಯಿಂದ ಆದ ಕೆಲಸವನ್ನೆಲ್ಲ ಯಂತ್ರವೇ ಒಟ್ಟು ಮಾಡಿ ತೀರ್ಪುಗಾರರ ಮುಂದೆ ಇಟ್ಟಿತ್ತು. ನಾನು ಬರೆದಿದ್ದ ಚಾಚಿಯ ಹೆಸರು ‘ಇತರ ವಿವರಗಳು’ ಎಂಬ ಜಾಗದಲ್ಲಿ ಉಳಿದಿತ್ತು. ತಪ್ಪಾಗಿದೆ, ಇದು ಅವರಿಗೆ ಸಲ್ಲಬೇಕು ಎಂದು ಬರೆದೆ. ಉತ್ತರ ಬಹಳ ವಿನಯದಿಂದ ಬಂತು. ದಾಖಲೆಯಲ್ಲಿರುವ ಕೆಲಸವನ್ನಷ್ಟೇ ಪರಿಗಣಿಸಲು ಸಾಧ್ಯ, ಪಟ್ಟಿ ಅಂತಿಮವಾಗಿದೆ, ವೇದಿಕೆಯಲ್ಲಿ ನಿಮಗೆ ಎರಡು ನಿಮಿಷ ಸಿಗುತ್ತದೆ, ಅವರನ್ನು ಅವಶ್ಯವಾಗಿ ನೆನೆಯಿರಿ, ಜೊತೆಗೆ ಒಬ್ಬರನ್ನು ಕರೆತರಬಹುದು.

ಗಂಡ ಪತ್ರ ಓದಿ, ‘ಹೋಗಿ ಅವರಿಗೆ ಮೊದಲ ಹೇಳು,’ ಅಂದರು. ನಾನು ಹೋಗಿ, ‘ನಮಗ ಬಂದೈತಿ ಚಾಚಿ, ಹೋಗೂಣು ನಡ್ರಿ,’ ಅಂದೆ. ನಮಗೆ ಎಂಬ ಆ ಮಾತಿನ ಹಿಂದೆ ಅಡಗಿಕೊಂಡೆ. ಎರಡು ನಿಮಿಷದಲ್ಲಿ ಎಲ್ಲ ಸರಿಮಾಡುತ್ತೇನೆ ಎಂದು ನನ್ನನ್ನೇ ನಂಬಿಸಿಕೊಂಡೆ.

ಹೊರಡುವ ದಿನ ಅಣ್ಣಿಗೇರಿಯ ಮಗಳು ಬಂದಿದ್ದಳು. ತಾಯಿಯ ತಲೆ ಬಾಚಿ, ಹಸಿರು ಸೀರೆಯ ನೆರಿಗೆ ಕೂಡಿಸಿ, ‘ನೆಟ್ಟಗ ನಿಂದ್ರಬೇ, ಫೋಟೋ ತಗೀತಾರ,’ ಎಂದು ಬಸ್‌ಸ್ಟ್ಯಾಂಡಿನ ತನಕ ಬಂದಳು. ತನಗೆ ಕಲಿಸದ ವಿದ್ಯೆಗೆ ಬಂದ ಬಹುಮಾನವದು. ಆದರೂ ಬಂದಳು.

ಸಭಾಂಗಣದ ಬಾಗಿಲಲ್ಲಿ ಕೊರಳಿಗೆ ಹಾಕಲು ಪಟ್ಟಿ ಕೊಟ್ಟರು. ನನ್ನದರಲ್ಲಿ ಪುರಸ್ಕೃತರು ಎಂದಿತ್ತು, ಚಾಚಿಯದರಲ್ಲಿ ಜೊತೆಗೆ ಬಂದವರು ಎಂದು. ಓದು ಬಾರದ ಚಾಚಿ ಅದನ್ನು ಸೆರಗಿನ ಮೇಲೆ ಸರಿಯಾಗಿ ಕಾಣುವಂತೆ ಎಳೆದುಕೊಂಡರು. ನನ್ನನ್ನು ಮುಂದಿನ ಸಾಲಿಗೆ ಕರೆದೊಯ್ದರು, ಅವರನ್ನು ಹಿಂದೆ ಕೂರಿಸಿದರು. ಬಂದವರಿಗೆಲ್ಲ ಒಂದೊಂದು ಬಟ್ಟೆಯ ಚೀಲ. ಅದರ ಮೇಲೆ ಅಚ್ಚಾಗಿದ್ದದ್ದು ಚಾಚಿಯ ನವಿಲು. ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ಬಿಟ್ಟುಕೊಟ್ಟದ್ದು ನಾನೇ, ತಕರಾರು ಮಾಡುವ ಹಾಗಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಖಾತೆಯ ಹೆಸರು.

ಇಡೀ ಕಾರ್ಯಕ್ರಮ ಇಂಗ್ಲಿಷಿನಲ್ಲಿ ನಡೆಯಿತು. ನನಗಿಂತ ಮೊದಲು ಕರೆದವರು ತಮ್ಮ ಎರಡು ನಿಮಿಷವನ್ನು ಹತ್ತು ಮಾಡಿದರು. ನನ್ನ ಸರದಿ ಬಂದಾಗ ಪರದೆಯ ಮೇಲೆ ನವಿಲು, ಪಕ್ಕದಲ್ಲಿ ನನ್ನ ಫೋಟೋ. ಶಾಲು ಹೊದಿಸಿದರು. ನಿರೂಪಕಿ ನಗುನಗುತ್ತಲೇ ನನ್ನ ಕಿವಿಯ ಹತ್ತಿರ, ಮೇಡಂ, ಹೊತ್ತಾಗಿದೆ, ಬರೀ ಧನ್ಯವಾದ ಹೇಳಿಬಿಡಿ ಎಂದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದವಿತ್ತು. ಅದರ ಮೊದಲ ಸಾಲಿನಲ್ಲೇ ಚಾಚಿಯ ಹೆಸರು, ಅವರ ಗಂಡನ ಹೆಸರು, ಓಣಿಯ ಹೆಸರು. ನಾನು ಕಾಗದ ಬಿಚ್ಚಲಿಲ್ಲ. ‘ಇದರ ಹಿಂದೆ ನಮ್ಮ ಊರಿನ ಅನೇಕ ಮಹಿಳೆಯರಿದ್ದಾರೆ, ಎಲ್ಲರಿಗೂ ಧನ್ಯವಾದ,’ ಎಂದು ಇಂಗ್ಲಿಷಿನಲ್ಲಿ ಹೇಳಿ ಇಳಿದೆ. ಚಪ್ಪಾಳೆ ಬಿತ್ತು.

ಅನೇಕ ಮಹಿಳೆಯರಿರಲಿಲ್ಲ. ಒಬ್ಬರಿದ್ದರು. ಹನ್ನೆರಡನೆಯ ಸಾಲಿನಲ್ಲಿ, ತಮ್ಮನ್ನು ಯಾವಾಗ ಕರೆಯುತ್ತಾರೋ ಎಂದು ಚಪ್ಪಲಿ ಮೆಟ್ಟಿಕೊಂಡೇ ತುದಿಗೆ ಕೂತಿದ್ದರು. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಆ ನಿರೂಪಕಿ ಬೇಡ ಎಂದಿರಲಿಲ್ಲ, ಹೊತ್ತಾಗಿದೆ ಎಂದಿದ್ದಳು ಅಷ್ಟೇ. ತಪ್ಪನ್ನು ಸಿಸ್ಟರುಗಳ ಮೇಲೆ, ಸಂಘದವರ ಮೇಲೆ ಬಹಳ ದಿನ ಹೊರಿಸಿ ನೋಡಿದ್ದೇನೆ. ನಿಲ್ಲುವುದಿಲ್ಲ.

ಊಟದ ಹೊತ್ತಿನಲ್ಲಿ ಶಾಲನ್ನು ತೆಗೆದು ಚಾಚಿಯ ಹೆಗಲಿಗೆ ಹಾಕಲು ಹೋದೆ. ಅವರು ಅದರ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, ‘ಮಶೀನಿಂದು,’ ಎಂದು ನೀಟಾಗಿ ಮಡಚಿ ನನ್ನ ಕೈಗೇ ಇಟ್ಟರು. ಹುಡುಗಿಯೊಬ್ಬಳು ಬಂದು ನನ್ನ ಕೈ ಕುಲುಕಿ, ಸಾಯುತ್ತಿದ್ದ ಕಲೆಯನ್ನು ನೀವು ಉಳಿಸಿದಿರಿ ಮೇಡಂ ಎಂದಳು. ಚಾಚಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಬಸ್ಸು ಹುಬ್ಬಳ್ಳಿ ದಾಟಿದ ಮೇಲೆ ಅವರು ಕೇಳಿದರು.

‘ಇದರಾಗ ಏನ್ ಬರದಾರ್ರಿ?’ ಕೊರಳ ಪಟ್ಟಿ ಇನ್ನೂ ಹಾಗೇ ಇತ್ತು.

ಹೇಳಿದೆ.

‘ಜೋಡಿ ಬಂದಾಕಿ,’ ಎಂದರು. ‘ಖರೇನ ಐತಿ.’

‘ಚಾಚಿ, ನಾ ಹೇಳಬೇಕಂತ...’

‘ಇರಲಿ ಬಿಡ್ರಿ ಅಕ್ಕಾರ.’ ತೊಡೆಯ ಮೇಲಿನ ಚೀಲದ ನವಿಲಿನ ಸಾಲುಗಳನ್ನು ಬೆರಳಿಂದ ಎಣಿಸಿದರು. ‘ಕುತಿಗ್ಯಾಗ ಒಂದು ಸಾಲು ನುಂಗ್ಯಾರ. ಕೋಳಿ ಆಗೇತಿ.’

ಬಸ್‌ಸ್ಟ್ಯಾಂಡಿನಲ್ಲಿ ಮಗಳು ಕಾಯುತ್ತಿದ್ದಳು, ಜೊತೆಗೆ ಓಣಿಯ ಇಬ್ಬರು ಹೆಂಗಸರು. ‘ಏನ್ ಕೊಟ್ರಬೇ?’ ಎಂದಳು.

‘ಅಕ್ಕಾರಿಗೆ ಕೊಟ್ರು. ನಾ ಜೋಡಿ ಹೋಗಿದ್ನಿ.’

ಮಗಳು ನನ್ನ ಕೈಯಲ್ಲಿದ್ದ ಗಾಜಿನ ಫಲಕವನ್ನು ನೋಡಿದಳು, ಆಮೇಲೆ ನನ್ನನ್ನು. ‘ಚೊಲೋ ಆತ್ರಿ,’ ಅಂದಳು. ಆ ಎರಡು ಮಾತಿಗಿಂತ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ನೆಗೆಣ್ಣಿ ಹಿತ್ತಲಲ್ಲಿ ನಿಂತಳು. ಸುಮ್ಮನೆ ನಕ್ಕಳು, ಅಷ್ಟೇ.

ಆಮೇಲೆ ನಾನು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಇಪ್ಪತ್ತೊಂಬತ್ತು ಹಾಸುಗಳ ಪ್ರತಿಯೊಂದರ ಮೇಲೂ ಚಾಚಿಯ ಹೆಸರು ಹಾಕಿದೆ. ಆ ದೋಷ ತೋರಿಸಿದವರು ಅವರೆಂದು ದೂರದೇಶದವರಿಗೆ ಬರೆದೆ. ಅವರು ಅದೇ ದಿನ ತಿದ್ದಿದರು. ಸಂಘದವರಿಗೂ ಬರೆದೆ, ಅವರಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ತಿದ್ದಿದ ಪುಟವನ್ನು ಅಚ್ಚು ಹಾಕಿಸಿಕೊಂಡು ಚಾಚಿಯ ಮನೆಗೆ ಹೋದೆ. ಮಗಳೂ ಅಲ್ಲೇ ಇದ್ದಳು. ಆಕೆ ತಾಯಿಗೆ ಓದಿ ಹೇಳಿದಳು.

‘ಇದನ್ನ ಯಾರ್ ನೋಡತಾರ್ರಿ?’ ಚಾಚಿ ಕೇಳಿದರು.

‘ಜಗತ್ತಿನ್ಯಾಗ ಯಾರ್ ಬೇಕಾದವರು ನೋಡಬಹುದು.’

‘ನಮ್ಮ ಮೈದುನನ ಮನಿಯವರು ನೋಡತಾರೇನು?’

‘ಇಲ್ರೀ.’

‘ಹೂಂ,’ ಎಂದು ಕಾಗದವನ್ನು ಟ್ರಂಕಿನ ಮೇಲಿಟ್ಟರು.

ಉಳಿದ ಎರಡು ಹಾಸುಗಳ ಮಾತು ತೆಗೆದೆ. ತೆಗೆಯಬಾರದಿತ್ತು. ‘ಅವು ಮರತೇನ್ರಿ,’ ಅಂದರು ಚಾಚಿ, ನನ್ನ ಮುಖ ನೋಡದೆ. ಮಗಳು ಚಹಾ ತಂದುಕೊಟ್ಟಳು. ಕಪ್ಪು ಹಿಡಿದ ಆಕೆಯ ಕೈ ನನ್ನ ಕಣ್ಣಿಗೆ ಬಿತ್ತು. ಉಗುರುಗಳ ಸಂದಿಯಲ್ಲಿ ಕೆಂಪು ನೂಲಿನ ಹಿಂಜು ಸಿಕ್ಕಿಕೊಂಡಿತ್ತು. ಮಗ್ಗಕ್ಕೆ ಕೂತವರ ಉಗುರಿನಲ್ಲಿ ಮಾತ್ರ ಹಾಗೆ ಸಿಕ್ಕುತ್ತದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಕೈಯನ್ನು ಮುಚ್ಚಿಕೊಳ್ಳಲಿಲ್ಲ.

ಚಹಾ ಕುಡಿದು, ಕಪ್ಪು ತೊಳೆಯಲು ಎದ್ದೆ. ‘ಇರಲಿ ಇಡ್ರಿ, ನೀವ್ಯಾಕ ತೊಳೀತೀರಿ,’ ಎಂದಳು ಮಗಳು. ಎರಡು ವರ್ಷ ಆ ಮನೆಯಲ್ಲಿ ನನ್ನ ಕಪ್ಪನ್ನು ನಾನೇ ತೊಳೆದಿದ್ದೆ.

ಆ ಎರಡು ಹಾಸು ಯಾವಾಗ ಬರುತ್ತವೆ ಎಂದು ಈಗಲೂ ಯಾರ್ಯಾರೋ ಕೇಳಿ ಬರೆಯುತ್ತಾರೆ. ಕೊಡಲು ನೇಯ್ದವರಿಗೇ ಮನಸ್ಸಿಲ್ಲ ಎಂದು ಉತ್ತರಿಸುತ್ತೇನೆ.