ಪಾತ್ರೆಯ ತಳದ ಹೆಸರು

ನಮ್ಮ ಮನೆಯ ಎದುರು, ರಸ್ತೆಯ ಆಚೆ ಬದಿಯಲ್ಲಿರುವ ಎಲ್ಜಿ ಬಿವಿನ್ಸ್ ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿದ್ದನ್ನು ನಾನು ಈ ಜನ್ಮದಲ್ಲಿ ಒಂದೇ ಸಲ ಕಂಡಿದ್ದೇನೆ. ಅದೂ ಪೀಚ್ ಹಣ್ಣಿನ ಕಾಬ್ಲರ್ ಎಂಬ ಒಂದು ಸಿಹಿಯ ದೆಸೆಯಿಂದ.

ಜಾರ್ಜಿಯಾದ ಈ ಕೆಂಪು ಮಣ್ಣಿನಲ್ಲಿ ಹುಟ್ಟಿದ ಗಂಡಸರು ಸಾಮಾನ್ಯವಾಗಿ ಮಾತಿನಲ್ಲೇ ಹೊಟ್ಟೆ ತುಂಬಿಸುವವರು. ನನ್ನ ಗಂಡ, ಪುಣ್ಯಾತ್ಮ, ಬೇಲಿಯ ಗೂಟದ ಜೊತೆಗೂ ಹರಟುತ್ತಿದ್ದ. ಎಲ್ಜಿ ಮಾತ್ರ ಬೇರೆ ಜಾತಿಯ ಮನುಷ್ಯ. ಮೀಸೆ ಮೂಡುವ ಮೊದಲೇ ಪೀಚ್ ತೋಟದಲ್ಲಿ ಕೊಂಬೆ ಸವರುವ ಕೆಲಸಕ್ಕೆ ಸೇರಿ, ಬೆನ್ನು ಬಾಗುವವರೆಗೆ ಅದನ್ನೇ ಮಾಡಿದ. ಚಳಿಗಾಲವಿಡೀ ಏಣಿಯ ಮೇಲೆ ನಿಂತು ಬೋಳು ಮರಗಳಿಗೆ ಕತ್ತರಿ ಹಾಕುವವನು ಯಾರ ಜೊತೆ ಮಾತಾಡಿಯಾನು? ಚರ್ಚಿನಲ್ಲಿ ಅವನಿಗೆ ವಹಿಸಿದ್ದ ಕೆಲಸವೂ ಅಂಥದ್ದೇ. ಭಾನುವಾರ ಬರುವ ಕಾರುಗಳಿಗೆ ಎಲ್ಲಿ ನಿಲ್ಲಬೇಕೆಂದು ಕೈಸನ್ನೆ ಮಾಡುವುದು. ಒಮ್ಮೆ ನಮ್ಮ ಪಾಸ್ಟರ್ ಅವನನ್ನು ಎಬ್ಬಿಸಿ ಪ್ರಾರ್ಥನೆ ಹೇಳಿ ಎಂದರು. ಎಲ್ಜಿ ಎದ್ದು ನಿಂತ. ಕೈಯಲ್ಲಿದ್ದ ಟೋಪಿಯನ್ನು ಎರಡು ಸುತ್ತು ತಿರುಗಿಸಿದ. "ಆಮೆನ್" ಎಂದು ಕೂತುಬಿಟ್ಟ. ಆ ಪಾಸ್ಟರ್ ಮತ್ತೆ ಅವನ ತಂಟೆಗೆ ಹೋಗಲಿಲ್ಲ.

ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವಳು ಅವನ ಹೆಂಡತಿ ಆರ್ಡೆಲಾ. ನನ್ನ ಗೆಳತಿ. ಅವಳ ಹೆಸರು ಹೇಳಿದರೆ ಸುತ್ತಿನ ಹಳ್ಳಿಗಳವರೆಲ್ಲ ಮೊದಲು ನೆನೆಯುವುದು ಅವಳ ಕಾಬ್ಲರನ್ನು. ನಮ್ಮ ಚರ್ಚಿನ ಟೆಂಪಿ ಸ್ಟ್ರೋಜಿಯರ್ ಮಾಡುವ ಹಾಗೆ ಹಿಟ್ಟನ್ನು ಲಟ್ಟಿಸಿ, ಪಟ್ಟಿ ಕತ್ತರಿಸಿ, ಹಣ್ಣಿನ ಮೇಲೆ ಚಾಪೆ ಹೆಣೆಯುವ ಆಡಂಬರ ಅವಳಿಗಿರಲಿಲ್ಲ. ಎನಾಮೆಲ್ ಪಾತ್ರೆಯಲ್ಲಿ ಬೆಣ್ಣೆ ಹಾಕಿ ಓವನ್‌ನಲ್ಲಿಟ್ಟು ಕರಗಿಸುವುದು, ಅದರ ಮೇಲೆ ತೆಳ್ಳಗೆ ಕಲಸಿದ ಮೈದಾ ಸುರಿಯುವುದು, ಅದರ ಮೇಲೆ ಸಕ್ಕರೆಯಲ್ಲಿ ರಸ ಬಿಟ್ಟ ಪೀಚ್ ಹೋಳು ಹರಡುವುದು. ಅಷ್ಟೆ. ಆಮೇಲೆ ಕೈ ತೆಗೆದುಬಿಡಬೇಕು. ಕಲಕಕೂಡದು. ಹಿಟ್ಟು ತಾನಾಗಿ ಮೇಲೆದ್ದು ಹಣ್ಣನ್ನು ತಬ್ಬಿಕೊಂಡು, ಅಂಚಿನಲ್ಲಿ ಗರಿಗರಿಯಾಗಿ, ನಡುವೆ ಮೆತ್ತಗೆ ಬೇಯುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಚಮಚ ಹಿಡಿದು ಹತ್ತಿರ ಹೋದರೆ ಕೈ ಮೇಲೆ ಒಂದು ಏಟು ಬೀಳುತ್ತದೆ, ಜೀವಮಾನಕ್ಕೆ ನೆನಪಿರುತ್ತದೆ.

ಜುಲೈ ಕೊನೆಯ ಭಾನುವಾರ ನಮ್ಮ ಚರ್ಚಿನ ಹೋಮ್‌ಕಮಿಂಗ್. ಡೆಟ್ರಾಯಿಟ್, ಅಟ್ಲಾಂಟಾ ಎಂದು ಹೋದವರೆಲ್ಲ ಅವತ್ತು ಊರಿಗೆ ಬರುತ್ತಾರೆ. ಆರಾಧನೆ ಮುಗಿದ ಮೇಲೆ ಪೀಕನ್ ಮರಗಳ ಕೆಳಗೆ ಉದ್ದ ಮೇಜು ಹಾಕಿ ಊಟ. ಮೇಜಿನ ಈ ತುದಿಯಲ್ಲಿ ಹುರಿದ ಕೋಳಿ, ಆ ತುದಿಯಲ್ಲಿ ಸಿಹಿ. ಸಿಹಿಯ ಕಟ್ಟಕಡೆಯ ಜಾಗ, ದೊಡ್ಡ ಮರದ ನೆರಳು ಬೀಳುವಲ್ಲಿ, ಆರ್ಡೆಲಾಳದು. ಇನ್ನೊಂದು ವಿಷಯ. ನಮ್ಮವರು ಯಾರು ಮಾಡಿದ್ದು ಎಂದು ತಿಳಿಯದೆ ಏನನ್ನೂ ಬಾಯಿಗಿಡುವವರಲ್ಲ. ಯಾರ ಅಡುಗೆಮನೆ ಹೇಗಿದೆ, ಯಾರ ಬೆಕ್ಕು ಎಲ್ಲಿ ಮಲಗುತ್ತದೆ ಎಂಬುದೆಲ್ಲ ಎಲ್ಲರಿಗೂ ಗೊತ್ತಲ್ಲ! ಹಾಗಾಗಿ ಪ್ರತಿಯೊಬ್ಬಳೂ ತನ್ನ ಪಾತ್ರೆಯ ತಳದಲ್ಲಿ ಉಗುರುಬಣ್ಣದಿಂದ ಹೆಸರು ಬರೆದಿರುತ್ತಾಳೆ. ಬಡಿಸಿಕೊಳ್ಳುವ ಮುಂಚೆ ಪಾತ್ರೆಯನ್ನು ಒಂದಿಷ್ಟು ಎತ್ತಿ, ಬಗ್ಗಿ ತಳ ನೋಡುವುದು ನಮ್ಮ ಹೆಂಗಸರ ಪದ್ಧತಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಳೆದ ಚಳಿಗಾಲದ ಕೊನೆಗೆ ಆರ್ಡೆಲಾ ತೀರಿಕೊಂಡಳು. ಹೋಮ್‌ಕಮಿಂಗ್ ಹತ್ತಿರ ಬಂದಾಗ ಹೆಂಗಸರೆಲ್ಲ ಸೇರಿ ಮಾತಾಡಿದೆವು. ತನ್ನ ಕಾಬ್ಲರನ್ನು ಆ ಜಾಗದಲ್ಲಿ ಇಡಬಹುದಲ್ಲ ಎಂದು ಟೆಂಪಿ ರಾಗ ಎಳೆದಳು. ನಾನು ಒಂದು ನೋಟ ನೋಡಿದೆ, ಸುಮ್ಮನಾದಳು. ಕೊನೆಗೆ ಆ ಜಾಗ ಖಾಲಿ ಬಿಟ್ಟು, ಬಿಳಿ ಬಟ್ಟೆ ಹಾಸಿ ಹೂವಿಡುವುದು ಎಂದು ತೀರ್ಮಾನವಾಯಿತು. ಅದನ್ನು ಎಲ್ಜಿಗೆ ನಾನೇ ಬೇಲಿಯ ಹತ್ತಿರ ನಿಂತು ಹೇಳಿದೆ. ಅವನು ತಲೆ ಅಲ್ಲಾಡಿಸಿ ಒಳಗೆ ಹೋದ.

ಹೋಮ್‌ಕಮಿಂಗ್ ಹಿಂದಿನ ದಿನ ಶನಿವಾರ ಅವನ ಕಿಟಕಿಯಿಂದ ಬೆಣ್ಣೆಯ ಘಮ ನಮ್ಮ ಜಗಲಿಗೆ ಬಂತು. ಆರ್ಡೆಲಾ ಹೋದ ಮೇಲೆ ಆ ಮನೆಯಿಂದ ಸೀದ ಬ್ರೆಡ್ಡಿನ ವಾಸನೆ ಬಿಟ್ಟರೆ ಬೇರೆ ಏನೂ ಬಂದಿರಲಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆ ದಾಟಿದೆ. ನೋಡಿದರೆ ಎಲ್ಜಿ, ಹೆಂಡತಿಯ ಹೂವಿನ ಏಪ್ರನ್ ಕಟ್ಟಿಕೊಂಡು, ಮೊಣಕೈವರೆಗೆ ಮೈದಾ ಮೆತ್ತಿಕೊಂಡು ನಿಂತಿದ್ದ. ಮೇಜಿನ ಮೇಲೆ ಪೀಚ್ ಸಿಪ್ಪೆಯ ಗುಡ್ಡೆ.

"ಏನೋ ಇದು, ಎಲ್ಜಿ?"

"ಕಾಬ್ಲರ್."

"ನಿಂಗೆ ಮೊಟ್ಟೆ ಬೇಯಿಸೋಕೂ ಬರಲ್ವಲ್ಲೋ!"

"ಈ ಮೇಜಿನ ಹತ್ರಾನೇ ಕೂತ್ಕೊಂಡು ನೋಡಿದೀನಿ, ಮಿಸ್ ಲೂವೀನಿಯಾ. ಅವ್ಳು ಮಾಡೋವಾಗೆಲ್ಲ ನೋಡಿದೀನಿ." ನಮ್ಮ ಕಡೆ ವಯಸ್ಸಾದ ಹೆಂಗಸರೆಲ್ಲ, ಮದುವೆಯಾಗಿದ್ದರೂ, ಮಿಸ್ಸೇ.

"ನೋಡಿದ್ರೆ ಆಗೋಯ್ತಾ? ಶಾಲೆ ಮಕ್ಕಳಿಗೆಲ್ಲ ಬೇಯಿಸಿ ಹಾಕಿ ಹಾಕಿ ರಿಟೈರ್ ಆದೋಳು ನಾನು. ಸರಿ ಅತ್ಲಾಗೆ, ಕೊಡಿಲ್ಲಿ."

"ಬೇಡ." ಅವನು ಪಾತ್ರೆಗೆ ಅಡ್ಡ ನಿಂತ. "ಅವ್ಳ ಜಾಗದಲ್ಲಿ ಹೂವು ಇಡ್ತೀರಂತೆ. ಹೂವು ಇಟ್ಕೊಂಡು ಏನ್ ಮಾಡ್ತಾರೆ ಜನ? ತಿಂತಾರಾ? ಅಲ್ಲಿ ಕಾಬ್ಲರ್ ಇರ್ಬೇಕು."

ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೂ ಬಿಡಲಿಲ್ಲ. "ಗಂಡಸು ಮಾಡಿದ್ದು ಅಂತ ಗೊತ್ತಾದ್ರೆ ಒಬ್ರೂ ಮುಟ್ಟಲ್ಲ ನೋಡು."

"ಅದಕ್ಕೇ ಹೇಳ್ತಿರೋದು. ಎಲ್ರೂ ತಿಂದಾದ್ಮೇಲೆ ಹೇಳೋಣ. ಅಲ್ಲೀವರ್ಗೂ ನೀವು ಬಾಯಿ ಬಿಡ್ಬಾರ್ದು."

ನನ್ನ ಬಾಯಿಯ ಮೇಲೆ ಇಂಥ ಭಾರ ಹೊರಿಸುವುದು ಎಂಥ ಅನ್ಯಾಯ! ಆದರೂ ಒಪ್ಪಿಕೊಂಡೆ. ನನ್ನನ್ನು ನಯವಾಗಿ ಬಾಗಿಲ ಹೊರಗೆ ಬಿಟ್ಟು ಅವನು ಓವನ್‌ನ ಕಡೆ ಹೋದ. ಅವನ ಬೆನ್ನ ಹಿಂದೆ ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿರಬೇಕಿತ್ತು. ಆರ್ಡೆಲಾ ಮಾಡಿದ್ದನ್ನೆಲ್ಲ ಅವನು ನೋಡಿದ್ದ, ನಿಜ. ಅವಳು ಮಾಡದೆ ಬಿಟ್ಟಿದ್ದನ್ನು ಹೇಗೆ ನೋಡಿಯಾನು?

ಭಾನುವಾರ ನಾವೆಲ್ಲ ಒಳಗೆ ಹಾಡುತ್ತಿದ್ದಾಗಲೇ ಎಲ್ಜಿ ಪಾತ್ರೆಯನ್ನು ತಂದು ಬಿಳಿ ಬಟ್ಟೆಯ ಮೇಲಿಟ್ಟು, ಹೂವನ್ನು ಪಕ್ಕಕ್ಕೆ ಸರಿಸಿ, ಮೇಜಿಗೆ ಹತ್ತಿರದಲ್ಲೇ ಇದ್ದ ಕಾರುಗಳ ಪಕ್ಕ ಹೋಗಿ ನಿಂತಿದ್ದ. ಊಟದ ಹೊತ್ತಿಗೆ ಮೊದಲು ಅದನ್ನು ಕಂಡವಳು ಟೆಂಪಿ. ಯಾರಪ್ಪಾ ಇಲ್ಲಿ ಇಟ್ಟವರು ಎನ್ನುವ ಹಾಗೆ ಹುಬ್ಬು ಗಂಟಿಕ್ಕಿ ಪಾತ್ರೆ ಎತ್ತಿದಳು, ಬಗ್ಗಿ ನೋಡಿದಳು. ಆಮೇಲೆ ಅವಳು ಹೊಡೆದ ಕೂಗು ಹೆದ್ದಾರಿಗೆ ಕೇಳಿಸಿರಬೇಕು.

"ಆರ್ಡೆಲಾ! ಇದು ಆರ್ಡೆಲಾದು!"

ತಳದಲ್ಲಿ ಕೆಂಪು ಅಕ್ಷರ. ಎಷ್ಟೋ ಬೇಸಿಗೆಗಳ ಬೆಂಕಿ ತಿಂದು ಕಂದಿದ್ದರೂ ಓದಲು ಬರುತ್ತಿತ್ತು. ಎಲ್ಜಿ ಜೀವನವಿಡೀ ಆ ಪಾತ್ರೆಯ ಒಳಗನ್ನು ನೋಡಿದ್ದ. ತಳದಲ್ಲಿ ಏನಿದೆ ಎಂದು ಗಂಡಸರಿಗೆ ಏನು ಗೊತ್ತು? ಆರ್ಡೆಲಾ ಪ್ರತಿ ಬೇಸಿಗೆಯಲ್ಲೂ ಒಂದು ಕಾಬ್ಲರ್ ಹೆಚ್ಚಿಗೆ ಮಾಡಿ ಹಿಂದಿನ ಜಗಲಿಯ ಫ್ರೀಜರ್ ಪೆಟ್ಟಿಗೆಯಲ್ಲಿ ಇಡುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಮಿಕ್ಕಿದ್ದನ್ನು ಜನ ತಾವೇ ಜೋಡಿಸಿಕೊಂಡರು. ಇದು ಅವಳ ಕೊನೆಯ ಕಾಬ್ಲರ್. ಪಾಪ, ಬ್ರದರ್ ಬಿವಿನ್ಸ್ ಒಬ್ಬನೇ ತಿನ್ನಲಾರದೆ ಚರ್ಚಿಗೆ ತಂದಿದ್ದಾನೆ.

ಒಬ್ಬೊಬ್ಬರೂ ಒಂದೊಂದು ಚಮಚ ಹಾಕಿಸಿಕೊಂಡರು. ಅಳುತ್ತ ತಿಂದರು. ನಾನೂ ತಿಂದೆ. ಹಣ್ಣು ಚೆನ್ನಾಗಿತ್ತು. ಅದರ ಸುತ್ತ ಇದ್ದದ್ದು ಮಾತ್ರ ಗೋಡೆಗೆ ಪೋಸ್ಟರ್ ಹಚ್ಚುವ ಅಂಟು. ಕಲಕಿದ್ದಾನೆ ಮಹಾರಾಯ! ಅದು ನನ್ನ ಅಂಗಳಿಗೆ ಹಿಡಿದು ಕೂತಿತು. ಆದರೂ ಸುತ್ತಲೂ "ಅದೇ ರುಚಿ", "ಕಣ್ಮುಂದೆ ಬಂದು ನಿಂತ ಹಾಗಾಯ್ತು" ಎಂಬ ಮಾತು. ನಾನು ಎಲ್ಜಿಯ ಕಡೆ ತಿರುಗಿ ಹೇಳಲಾ ಎಂದು ಕಣ್ಣಿನಲ್ಲೇ ಕೇಳಿದೆ. ಬೇಡ ಎಂದು ತಲೆ ಆಡಿಸಿದ. ತನ್ನ ಹೆಂಡತಿಗಾಗಿ ಇಷ್ಟು ಜನ ಅಳುತ್ತಿರುವುದನ್ನು ನೋಡುತ್ತ ಅವನ ಕಣ್ಣೂ ತುಂಬಿತ್ತು. ಹಾಗೇ ಮುಗಿದುಹೋಗಿದ್ದರೆ ಅವನು ಬಾಯಿ ಬಿಡುತ್ತಿರಲಿಲ್ಲ.

ಟೆಂಪಿ ಎರಡನೆಯ ತುತ್ತನ್ನು ಬಹಳ ಹೊತ್ತು ಅಗಿದಳು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಪಕ್ಕದವಳಿಗೆ ಹೇಳಿದಳು: "ಪಾಪ, ಕೊನೆಕೊನೆಗೆ ಅವ್ಳ ಕೈ ಸೋತಿತ್ತು ನೋಡು."

"ನಂಗೂ ಹಾಗೇ ಅನ್ನಿಸ್ತು, ಹೇಳ್ಬಾರ್ದು ಅಂತ ಸುಮ್ನಿದ್ದೆ."

"ನೆನಪೂ ಹೋಗಿತ್ತೋ ಏನೋ. ಆರ್ಡೆಲಾ ಆಗಿ ಕಾಬ್ಲರ್ ಕಲಕೋದಾ!"

ಟೆಂಪಿ ಕೆಟ್ಟವಳಲ್ಲ. ನಿಜವಾಗಿಯೂ ಮರುಕದಿಂದಲೇ ಹೇಳಿದ್ದಳು. ಆ ಮರುಕ ಮೇಜಿನುದ್ದಕ್ಕೂ ತಟ್ಟೆಯಿಂದ ತಟ್ಟೆಗೆ ಹರಿಯಿತು. ಇಡೀ ಜೀವನ ಆ ಹೆಂಗಸು ಗಳಿಸಿದ್ದ ಹೆಸರು ನನ್ನ ಕಣ್ಣೆದುರಿಗೇ ಕರಗುತ್ತಿತ್ತು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿತು.

"ಅದು ನಾನ್ ಮಾಡಿದ್ದು."

ಎಲ್ಜಿ ಕಾರುಗಳನ್ನು ಬಿಟ್ಟು ಮೇಜಿನ ಹತ್ತಿರ ಬಂದಿದ್ದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಡೆಟ್ರಾಯಿಟ್‌ನಿಂದ ಬಂದವರು, ಅಟ್ಲಾಂಟಾದಿಂದ ಬಂದವರು, ಪಾಸ್ಟರ್, ಎಲ್ಲರೂ ಚಮಚ ಹಿಡಿದುಕೊಂಡು ತಿರುಗಿದರು.

"ಫ್ರೀಜರಿಂದಲ್ಲ. ನಿನ್ನೆ ನಾನ್ ಮಾಡಿದ್ದು. ಹಿಟ್ಟು ಒಂದ್ ಕಡೆ ಹಣ್ಣು ಒಂದ್ ಕಡೆ ಇತ್ತು, ಸರಿ ಕಾಣ್ಲಿಲ್ಲ. ಕಲಕ್ದೆ." ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆರ್ಡೆಲಾ ಕೈ ಯಾವತ್ತೂ ಸೋತಿರ್ಲಿಲ್ಲ. ಕೊನೇ ದಿನಾನೂ ಸೋತಿರ್ಲಿಲ್ಲ. ಆ ಕೈ ಹಿಡ್ಕೊಂಡು ಕೂತಿದ್ದೋನು ನಾನು, ನಂಗ್ ಗೊತ್ತು. ಕೆಟ್ಟಿದ್ದು ನನ್ ಕೈ. ಅವ್ಳನ್ನ ಏನೂ ಅನ್ಬೇಡಿ."

ಟೆಂಪಿ ಎದೆಯ ಮೇಲೆ ಕೈಯಿಟ್ಟುಕೊಂಡು, "ನೀವ್ ಕಲಕಿದ್ರಾ, ಬ್ರದರ್ ಬಿವಿನ್ಸ್?" ಎಂದಳು.

"ಹೂಂ. ಚೆನ್ನಾಗೇ ಕಲಕ್ದೆ."

"ಅಯ್ಯೋ ದೇವ್ರೇ!" ಎಂದು ಮೇಜಿನ ಸುತ್ತಲಿದ್ದ ಹೆಂಗಸರೆಲ್ಲ ಒಂದೇ ಉಸಿರಿಗೆ ಕೂಗಿದೆವು. ನಗು ಮೊದಲು ಯಾರದೋ, ಆಮೇಲೆ ಎಲ್ಲರದು. ನಕ್ಕು ನಕ್ಕು ಮತ್ತೆ ಅತ್ತೆವು. ಟೆಂಪಿ ತನ್ನ ತಟ್ಟೆಯನ್ನು ಅವನ ಮುಂದೆ ಹಿಡಿದಳು. "ತಪ್ಪಾಯ್ತು, ಬ್ರದರ್. ಆರ್ಡೆಲಾಗೂ ನಾನು ಮೇಲಕ್ಕೆ ಹೋದಾಗ ಉತ್ತರ ಹೇಳ್ಬೇಕು. ಇನ್ನೊಂದ್ ಚೂರು ಹಾಕಿ."

"ಬೇಡ ಬಿಡಿ, ಸಿಸ್ಟರ್. ಹಲ್ಲಿಗೆ ಅಂಟುತ್ತೆ."

"ಅಂಟ್ಲಿ. ಕಟ್ಟಿಸ್ಕೊಂಡಿರೋ ಹಲ್ಲು. ತೆಗೆದು ತೊಳ್ಕೊತೀನಿ."

ಎಲ್ಲರೂ ಹೊರಟ ಮೇಲೆ ನಾನು ಪಾತ್ರೆ ತೊಳೆದು ಕೊಟ್ಟೆ. ಎಲ್ಜಿ ಅದನ್ನು ಮಗುಚಿ ಕೆಂಪು ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಉಳಿದ ಊಟ ಕಟ್ಟಿಕೊಡಲು ತಂದಿದ್ದ ಕಾಗದದ ಟೇಪ್ ನನ್ನ ಬಳಿ ಇತ್ತು. ಒಂದು ತುಂಡು ಕೇಳಿ ತೆಗೆದುಕೊಂಡು, ಹೆಂಡತಿಯ ಹೆಸರಿನ ಮೇಲೆ ಅಂಟಿಸಿ, ಪೆನ್ನಿನಿಂದ ತನ್ನ ಹೆಸರು ಬರೆದ.

"ಅಳಿಸ್ತಿಲ್ಲ," ಎಂದ. "ಸರಿಯಾಗೋವರ್ಗೂ ನಂದೇ ಇರ್ಲಿ."

ಅಂದಿನಿಂದ ಪ್ರತಿ ಶನಿವಾರ ಒಂದು ಕಾಬ್ಲರ್ ನಮ್ಮ ಜಗಲಿಗೆ ಬಂತು, ತಳದಲ್ಲಿ ಹೊಸ ಟೇಪಿನ ತುಂಡು ಹೊತ್ತುಕೊಂಡು. ಕಲಕಬೇಡ ಎಂಬ ಒಂದು ಮಾತು ಬಿಟ್ಟರೆ ನನ್ನಿಂದ ಅವನು ಬೇರೇನೂ ಕೇಳಿಸಿಕೊಳ್ಳಲಿಲ್ಲ. ಮೊದಲನೆಯದು ಉಪ್ಪು. ಆಮೇಲಿನದು ಅಂಚೆಲ್ಲ ಇದ್ದಿಲು. ಇನ್ನೊಂದರಲ್ಲಿ ಜಾಯಿಕಾಯಿಯನ್ನು ಇಡೀ ತುರಿದು ಹಾಕಿದ್ದ, ನಾನು ಸಂಜೆಯವರೆಗೂ ಸೀನಿದೆ. ಎಲ್ಲವನ್ನೂ ತಿಂದೆ. ನನ್ನ ಸಕ್ಕರೆ ಕಾಯಿಲೆಯ ಡಾಕ್ಟರಿಗೆ ಇದು ತಿಳಿಯುವುದು ಬೇಡ.

ತೋಟಗಳಲ್ಲಿ ಹಣ್ಣು ಮುಗಿಯುತ್ತ ಬಂತು. ಕೊನೆಯ ಬುಟ್ಟಿಯ ಪೀಚ್ ತಂದಿದ್ದೇನೆ ಎಂದು ಎಲ್ಜಿ ಹೇಳಿದ ಆ ಶನಿವಾರ, ಪಾತ್ರೆಯನ್ನು ನಮ್ಮ ಜಗಲಿಯ ಮೇಲಿಟ್ಟು, ರಸ್ತೆ ದಾಟಿ ತನ್ನ ಜಗಲಿಯಲ್ಲಿ ನಿಂತುಕೊಂಡ. ಚಮಚ ಹಾಕುವ ಮೊದಲು, ಅಭ್ಯಾಸಬಲ, ಪಾತ್ರೆಯನ್ನು ಒಂದಿಷ್ಟು ಎತ್ತಿ ಬಗ್ಗಿ ನೋಡಿದೆ.

ಟೇಪ್ ಇರಲಿಲ್ಲ. ಕೆಂಪು ಅಕ್ಷರಗಳು ಮಾತ್ರ ಇದ್ದವು.

ಒಂದು ಚಮಚ ಬಾಯಿಗಿಟ್ಟೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಹಣ್ಣನ್ನು ಹಿಟ್ಟು ತಬ್ಬಿಕೊಂಡಿತ್ತು. ಕಣ್ಣೀರು ಒರೆಸಿಕೊಳ್ಳದೆ ರಸ್ತೆಯಾಚೆಗೆ ಕೂಗಿದೆ: "ಏ ಎಲ್ಜಿ! ಇದು ಆರ್ಡೆಲಾ ಮಾಡಿದ್ದೇ ಕಣೋ!"

ಎಲ್ಜಿ ಟೋಪಿ ತೆಗೆದ. ಕೈಯಲ್ಲಿ ಎರಡು ಸುತ್ತು ತಿರುಗಿಸಿದ. "ಆಮೆನ್" ಎಂದು ಕೂತುಬಿಟ್ಟ.