ಸಾಹುಕಾರರ 'ನೋಡೂಣು'

ಗೆಳೆಯರೇ, ಇವತ್ತು ಬೆಳಿಗ್ಗೆ ನಾನು ಕೆಲಸ ಮಾಡುವ ಸಿಂಧನೂರಿನ ರೈಸ್ ಮಿಲ್ಲಿನ ಮುಂದೆ ಮುಕ್ಕುಂದ ಊರಿನ ರೈತರ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಒಂದು ಚೀಲ ಇಡಲೂ ಜಾಗವಿಲ್ಲ. ಆ ರೈತರನ್ನು ಕರೆಸಿದ್ದು ನಾನು ಬರೆದ ಸ್ಕ್ರಿಪ್ಟ್, ಅಂದರೆ ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ.

ದಿನಾ ಸಂಜೆ ಅದು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಮಿಲ್ಲಿನ ಮಾಲೀಕರಾದ ಸಾಹುಕಾರರನ್ನು ಕೇಳುತ್ತದೆ: ನಾಳೆ ಭತ್ತ ತರಲು ರೈತರಿಗೆ ಮೆಸೇಜ್ ಕಳಿಸಲೇ? 'ಬ್ಯಾಡ' ಎಂದು ಟೈಪ್ ಮಾಡಿದರೆ ಸುಮ್ಮನಾಗುತ್ತದೆ. ಬೇರೆ ಏನೇ ಟೈಪ್ ಮಾಡಿದರೂ ಕಳಿಸಿಬಿಡುತ್ತದೆ. ನಿನ್ನೆ ಸಾಹುಕಾರರು ಒಂದೇ ಬೆರಳಲ್ಲಿ 'ನೋಡೂಣು' ಎಂದು ಟೈಪ್ ಮಾಡಿದ್ದರು.

"ನಾ ಎಲ್ಲಿ ಹೂಂ ಅಂದೀನಲೇ?" ಎಂದರು ಸಾಹುಕಾರರು, ಬೆಳಿಗ್ಗೆ ಟ್ರ್ಯಾಕ್ಟರುಗಳ ಸಾಲು ನೋಡಿ.

"ಬ್ಯಾಡ ಅಂತನೂ ಅಂದಿಲ್ಲಲ್ರಿ."

"ವ್ಯಾಪಾರದ ಗಾದಿ ಮ್ಯಾಲ ಕುಂತು ಬ್ಯಾಡ, ಇಲ್ಲ ಅನ್ನಬಾರದು. ಬಂದ ಲಕ್ಷ್ಮಿ ಹೊಳ್ಳಿ ಹೋಗ್ತಾಳ."

ಟ್ರ್ಯಾಕ್ಟರ್ ಮೇಲಿದ್ದ ರೈತರೊಬ್ಬರು ಮೊಬೈಲ್ ಎತ್ತಿ ತೋರಿಸಿದರು. "ನೀವ ಕರದೀರಿ. ನಾವಂತೂ ಹೊಳ್ಳಿ ಒಯ್ಯಂಗಿಲ್ಲ." ಕೊನೆಗೆ ರಸ್ತೆ ಬದಿಗೆ ತಾಡಪತ್ರಿ ಹಾಸಿ ಇಳಿಸಿಕೊಂಡೆವು.

ಮಧ್ಯಾಹ್ನವೆಲ್ಲ ಕೂತು ಸ್ಕ್ರಿಪ್ಟ್ ತಿದ್ದಿದೆ. ಈಗ 'ಹೂಂ' ಅಂದರೆ ಮಾತ್ರ ಕಳಿಸುತ್ತದೆ, 'ಬ್ಯಾಡ' ಅಂದರೆ ನಿಲ್ಲುತ್ತದೆ, ಎರಡೂ ಅಲ್ಲದಿದ್ದರೆ ಮತ್ತೆ ಕೇಳುತ್ತದೆ. ಸಂಜೆ ಸಾಹುಕಾರರು 'ನೋಡೂಣು' ಎಂದು ಹೊಡೆದರು. ಅದು ಮತ್ತೆ ಕೇಳಿತು. ಅವರು ಮತ್ತೆ 'ನೋಡೂಣು' ಹೊಡೆದರು. "ಇದಕ್ಕ ಮನಷ್ಯಾರ ಮಾತ ತಿಳಿಯಂಗಿಲ್ಲ" ಎಂದು ಎದ್ದರು.

ಅವರು ಚಪ್ಪಲಿ ಮೆಟ್ಟುವಾಗ ಕೇಳಿದೆ, "ನಾಳಿಗಿ ನನಗ ರಜಾ ಬೇಕಾಗಿತ್ರಿ."

"ನೋಡೂಣು ತಗೋ."

ನನ್ನ ಹಳೆಯ ಸ್ಕ್ರಿಪ್ಟಿನ ಪ್ರಕಾರ ಇದು ಹೂಂ. ನಾಳೆ ನಾನು ಕೆಲಸಕ್ಕೆ ಹೋಗುವುದಿಲ್ಲ.